ಬೆಳ್ಳಗಿನ ಕೈಯ ಇದ್ದಲು ವ್ಯಾಪಾರಿ

“ಅಮ್ಮಾ, ಇದ್ದಲು ಮಾರುವ ಪದ್ಮಯ್ಯಜ್ಜನ ಕೈ ಯಾಕೆ ಅಷ್ಟು ಬೆಳ್ಳಗಿದೆ?” ಎಂದು ಮಗಳು ಕೇಳಿದಾಗ ಡಿಪೊ ಪಕ್ಕದ ಕುಲುಮೆ ಮನೆಯ ರುಕ್ಮಿಣಿಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಅದು ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲ; ವಿರಾಜಪೇಟೆಯ ಕಲ್ಲಿದ್ದಲು ಡಿಪೊ ಪದ್ಮಯ್ಯನವರದೇ. ಆದರೆ ಎಂಟು ತಿಂಗಳಿಂದ ಅವರು ಮುಟ್ಟಿದ್ದೆಲ್ಲ ಬರೀ ಕಾಗದ. ಗಣಿಯಿಂದ ಇದ್ದಲು ಬರಲು ಕೇಂದ್ರ ಸರ್ಕಾರದ ಪರ್ಮಿಟ್ ಬೇಕು, ಮಾರಲು ಕೊಡಗು ರಾಜ್ಯದ ಲೈಸೆನ್ಸ್ ಬೇಕು. ಹೊಸ ಲೈಸೆನ್ಸ್ ನೋಡದೆ ಕೇಂದ್ರದವರು ಪರ್ಮಿಟ್ ಕೊಡುವುದಿಲ್ಲ. ಡಿಪೊದಲ್ಲಿ ಇದ್ದಲು ಕಾಣದೆ ರಾಜ್ಯದವರು ಲೈಸೆನ್ಸ್ ಕೊಡುವುದಿಲ್ಲ. ಯಾರು ಏನು ಕೇಳಿದರೂ ಪದ್ಮಯ್ಯ “ಆ ಕಾಗದ ಬಂದ್ರೆ ಈ ಕಾಗದ ಬರ್ತದೆ” ಎನ್ನುತ್ತಾರೆ. ಹೆಂಡತಿ ಊಟಕ್ಕೆ ಕರೆದರೂ ಅದೇ ಉತ್ತರವಂತೆ. ಪ್ರತಿ ಸೋಮವಾರ ಒಗೆದ ಅಂಗಿ ತೊಟ್ಟು ಮೊದಲ ಬಸ್ಸಿಗೆ ಮಡಿಕೇರಿಯ ಕಚೇರಿಗೆ ಹೊರಡುತ್ತಾರೆ. ಅವರ ಸೀಟಿನಲ್ಲಿ ಕಂಡಕ್ಟರು ಬೇರೆಯವರನ್ನು ಕೂರಿಸುವುದೇ ಇಲ್ಲ. ಖಾಲಿ ಡಿಪೊವನ್ನು ಮಾತ್ರ ಇಂದಿಗೂ ದಿನಾ ಗುಡಿಸುತ್ತಾರೆ, ಸಿಕ್ಕ ಕರಿಪುಡಿಯನ್ನು ಎಸೆಯದೆ ಕಾಗದದಲ್ಲಿ ಎತ್ತಿ ಡಬ್ಬಿಯಲ್ಲಿ ತುಂಬಿಡುತ್ತಾರೆ. ಮಗಳು ಕೇಳಿದ ದಿನವೇ ಸಂಜೆ ಅವರು ರುಕ್ಮಿಣಿಯ ಅಂಗಳಕ್ಕೆ ಬಂದು, ಕುಲುಮೆಯ ಕಡೆ ನೋಡುತ್ತ ಕೇಳಿದರು. “ರುಕ್ಮಿಣಿ, ನಾಳೆ ಇನ್ಸ್‌ಪೆಕ್ಟರು ಡಿಪೊ ನೋಡ್ಲಿಕ್ಕೆ ಬರ್ತಾರೆ. ಖಾಲಿ ಕಂಡ್ರೆ ಹೊಸ ಲೈಸೆನ್ಸ್ ಸಿಗ್ಲಿಕ್ಕಿಲ್ಲ. ಕಳೆದ ವರ್ಷ ನಾನೇ ಮಾರಿದ್ದು ನಿಮ್ಮಲ್ಲಿ ಒಂದು ಗೋಣಿ ಇದ್ದಲು ಇನ್ನೂ ಉಂಟಲ್ಲ, ಒಂದೇ ಒಂದು ದಿನಕ್ಕೆ ಕೊಡ್ತೀಯಾ?”