ದಾವಲ್‌ಬೀಯ ಚಪ್ಪಲಿ ಪಾಳಿ

ದಾವಲ್‌ಬೀ ಮೂರನೆಯ ತರಗತಿಯಲ್ಲಿ ನನ್ನ ಶಿಷ್ಯೆ. ಮಗ್ಗಿ ಬರುತ್ತಿರಲಿಲ್ಲ. ಆದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸು ಎಂದರೆ ಎತ್ತರದ ಪ್ರಕಾರ ನಿಲ್ಲಿಸಿ, ಕೊನೆಗೆ ನನ್ನನ್ನೂ ಸಾಲಿಗೆ ಸೇರಿಸುತ್ತಿದ್ದಳು. ಈಗ ಅವಳು ಸಾಲಗುಂದದ ಆಚೆ ಇರುವ ನಮ್ಮೂರಿನ ಸರ್ಕಾರಿ ದವಾಖಾನೆಯ ಆಯಾ. ಸರದಿ ಚೀಟಿ ಬರೆಯುವ ಗುಮಾಸ್ತರು ನಿವೃತ್ತರಾದರು. ಖರ್ಚು ಕಡಿತವೆಂದು ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕಂಪೌಂಡರೂ ಹಾಗೆಯೇ ಹೋದರು. ಉಳಿದವರು, ಶುಕ್ರವಾರಕ್ಕೊಮ್ಮೆ ಬಂದು ಒಂದು ಗಂಟೆಗೆ ಮಸ್ಕಿಯ ಕಡೆಗೆ ಓಡುವ ಡಾಕ್ಟರು ಮತ್ತು ದಾವಲ್‌ಬೀ.

ಜನರ ಸರದಿಗೆ ಅವಳು ಕಂಡುಕೊಂಡ ಉಪಾಯ ಚಪ್ಪಲಿ. ಬಂದವರು ತಮ್ಮ ಜೋಡನ್ನು ಸಾಲಿನಲ್ಲಿ ಬಿಟ್ಟು ಬೇವಿನ ಮರದ ಕೆಳಗೆ ಕೂರಬೇಕು. ಚಪ್ಪಲಿಗಳನ್ನು ಮುಂದೆ ಸರಿಸುವವಳು ಅವಳೇ, ಪೊರಕೆಯ ತುದಿಯಿಂದ.

ಒಂದು ಶುಕ್ರವಾರ ಪಂಚಾಯಿತಿ ಸದಸ್ಯ ಹನುಮಂತರಾಯ ಗೌಡರು ಮೊಣಕಾಲು ನೋವೆಂದು ಕುಂಟುತ್ತ ಬಂದರು. ಅವರ ಚಪ್ಪಲಿಗೆ ಹದಿನೆಂಟನೆಯ ಸ್ಥಾನ. ಆರನೆಯದು ಊರ ಪಕ್ಕದ ಬಂಗಾಳಿ ಕ್ಯಾಂಪಿನ ನಿತಾಯಿ ಮಂಡಲನದು. ಅವನು ಚಿಕ್ಕಂದಿನಲ್ಲಿ ಬಂಗಾಳದ ಗಡಿಯಾಚೆಯಿಂದ ತಂದೆತಾಯಿಗಳೊಡನೆ ನಿರಾಶ್ರಿತನಾಗಿ ಬಂದವನು. ಐವತ್ತು ವರ್ಷಗಳಿಂದ ಇಲ್ಲಿಯೇ ಭತ್ತ ಬೆಳೆಯುತ್ತಾನೆ. ಅಂದು ಬಂದದ್ದು ಹೆಂಡತಿಯ ಉಬ್ಬಸಕ್ಕಾಗಿ. ಡಾಕ್ಟರ ಚೀಟಿ ಸಿಗದಿದ್ದರೆ ಅವಳಿಗೆ ವಾರವಿಡೀ ಔಷಧವಿಲ್ಲ.

“ಹೊರಗಿನ ಮಂದಿ ತುಂಬ್ಯಾರ, ಅದಕ್ಕ ನಮಗ ಪಾಳಿ ಸಿಗವಲ್ದು,” ಎಂದು ಗೌಡರು ಗುಡುಗಿದರು. “ದಾವಲ್‌ಬೀ, ಎರಡು ಪಾಳಿ ಮಾಡಬೇ. ಮೊದಲ ಊರವರು, ಆಮ್ಯಾಲ ಕ್ಯಾಂಪಿನವರು.”

“ಆಮ್ಯಾಲ ಅಂದ್ರ ಡಾಕ್ಟರ್ ಹೋಗಿರ್ತಾರ್ರಿ ಗೌಡ್ರ,” ಎಂದ ನಿತಾಯಿ. ಅವನ ಹೆಂಡತಿ ಕಂಬಕ್ಕೊರಗಿ ಏದುಸಿರು ಬಿಡುತ್ತಿದ್ದಳು.

ದಾವಲ್‌ಬೀ ಇಬ್ಬರನ್ನೂ ನೋಡಿದಳು. “ಆಯ್ತ್ರಿ. ಕ್ಯಾಂಪಿನ ಚಪ್ಲಿ ಎಡಕ್ಕ, ಊರಿನವು ಬಲಕ್ಕ. ತಮ್ಮ ತಮ್ಮವು ತೋರಿಸ್ರಿ.”

ಎಲ್ಲವೂ ಒಂದೇ ಸಂತೆಯ ನೀಲಿ ಹವಾಯಿ ಚಪ್ಪಲಿಗಳು. ಗೌಡರು ತಮ್ಮ ಜೋಡನ್ನು ತೋರಿಸಿದರು. ನಿತಾಯಿ ಬಗ್ಗಿ ನೋಡಿದ.

“ಗೌಡ್ರ, ಈ ಬಲಗಾಲಿಂದು ನಂದ್ರಿ. ಬಾರು ಕಿತ್ತಿತ್ತು, ನಾನೇ ತಂತಿ ಹಾಕೀನಿ. ಹ್ವಾದ ಶುಕ್ರವಾರ ಇಲ್ಲೇ ಅದಲಿಬದಲಿ ಆಗೇತಿ. ನಿಮ್ದು ನನ್ನ ಕಾಲಾಗ ದೋಣಿ ಆಡಿದಂಗ ಆಡ್ತದ.”

“ಮತ್ತ ವಾರ ಪೂರ್ತಿ ಯಾಕ ಸುಮ್ನಿದ್ದಿ?” ಎಂದರು ಗೌಡರು.

“ಮನಿಗೆ ಬಂದು ಗೌಡ್ರಿಗೆ ಚಪ್ಲಿ ತೋರಿಸೋದು ಹೆಂಗ್ರಿ?”

ಬೇವಿನ ಮರದ ಕೆಳಗೆ ಯಾರೋ ಕಿಸಕ್ಕೆಂದರು. ದಾವಲ್‌ಬೀ ಮಾತ್ರ ಡಾಕ್ಟರಂತೆ ಗಂಭೀರಳಾಗಿ ಕೇಳಿದಳು: “ಗೌಡ್ರ, ಯಾವ ಮೊಣಕಾಲು ನೋಯ್ತದ?”

“ಬಲಗಾಲು.”

“ಯಾವಾಗಿಂದ?”

“ಹ್ವಾದ ಶುಕ್ರ…” ಎನ್ನುತ್ತಲೇ ಗೌಡರು ನಿತಾಯಿಯ ಪುಟ್ಟ ಚಪ್ಪಲಿಯತ್ತ ನೋಡಿದರು.

“ಈಗ ನಿಮ್ಮ ಜೋಡು ಯಾ ಪಾಳ್ಯಾಗ ಇಡ್ಲಿ? ಎಡಗಾಲು ಊರಿಂದು, ಬಲಗಾಲು ಕ್ಯಾಂಪಿಂದು. ಡಾಕ್ಟರ್ ನಿಮ್ಮನ್ನ ಅರ್ಧ ಈಗ ನೋಡಿ, ಅರ್ಧ ಆಮ್ಯಾಲ ನೋಡ್ಲೇನು?”

ಉಬ್ಬಸದ ಹೆಂಗಸೂ ಕೆಮ್ಮುತ್ತ ನಕ್ಕಳು.

“ಒಂದೇ ಪಾಳಿ ಇರ್ಲಿ ಬಿಡಬೇ,” ಎಂದರು ಗೌಡರು.

ಹನ್ನೊಂದಕ್ಕೆ ನಿತಾಯಿಯ ಹೆಂಡತಿ ಚೀಟಿ ಹಿಡಿದು ಹೊರಬಂದಳು. ಅಷ್ಟರಲ್ಲಿ ಗೌಡರು ತಮ್ಮದೇ ಚಪ್ಪಲಿ ಮೆಟ್ಟಿ ಮರಕ್ಕೆ ಕುಂಟದೆ ಮೂರು ಸುತ್ತು ಹಾಕಿ, ಡಾಕ್ಟರನ್ನು ಕಾಣದೆಯೇ ಮನೆಗೆ ಹೊರಟಿದ್ದರು.

ಹತ್ತೊಂಬತ್ತನೆಯದಾಗಿದ್ದ ನನ್ನ ಚಪ್ಪಲಿಯನ್ನು ದಾವಲ್‌ಬೀ ಪೊರಕೆಯಿಂದ ಮುಂದಕ್ಕೆ ತಳ್ಳಿದಳು.

“ಸರ, ನಿಮ್ಮವು ನಿಮ್ಮವೇ ಅದಾವಿಲ್ರಿ?”

ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ.