ಗೆರೆಮಾವನ ನೀಲಿ ಗೌನು

ಇಸ್ತ್ರಿ ಅಂಗಡಿಯ ಗೆರೆಮಾವನಿಗೆ ಆ ಹೆಸರು ಬಂದದ್ದು ಪ್ಯಾಂಟಿನ ಗೆರೆಯಿಂದ. ಅವನು ಹಾಕಿದ ಗೆರೆ ಒಗೆದರೂ ಅಳಿಸುವುದಿಲ್ಲ ಎಂದು ಬೀದಿಯವರು ಹೇಳುತ್ತಿದ್ದರು. ಅದು ಸ್ವಲ್ಪ ಉಬ್ಬಿಸಿದ ಮಾತು. ಆದರೆ ಒಬ್ಬರ ಬಟ್ಟೆ ಇನ್ನೊಬ್ಬರ ಮನೆಗೆ ಹೋಗುತ್ತಿರಲಿಲ್ಲ ಎಂಬುದು ಮಾತ್ರ ನಿಜ. ಒಂದೊಂದು ಮನೆಗೆ ಒಂದೊಂದು ಬಣ್ಣದ ದಾರ. ಬಟ್ಟೆ ಬಂದ ಕೂಡಲೇ ಕೊರಳಪಟ್ಟಿಯ ಒಳಗೆ ಆ ಬಣ್ಣದಲ್ಲಿ ಪುಟ್ಟದೊಂದು ಹೊಲಿಗೆ ಹಾಕುತ್ತಿದ್ದ. ಗುರುತಿಲ್ಲದ ಬಟ್ಟೆ ಮೇಜಿನ ಮೇಲೆ ಕಂಡರೆ ಸಾಕು, ಅವನ ಕೈ ತಾನಾಗಿಯೇ ಸೂಜಿಗೆ ಹೋಗುತ್ತಿತ್ತು.

ಅವನನ್ನು ಸಿಕ್ಕಿಸಿಹಾಕಿದ್ದೂ ಆ ಕೈಯೇ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನೂ ಅವನ ಅಕ್ಕನೂ ಇದ್ದರು. ವಾರದ ರಜೆಯ ದಿನ ಶಟರ್ ಎಳೆದು, ಒಳಗಿನಿಂದ ಚಿಲಕ ಹಾಕಿ, ಗೆರೆಮಾವ ತಾನೇ ಹೊಲಿದುಕೊಂಡ ನೀಲಿ ಗೌನು ತೊಡುತ್ತಿದ್ದ. ತೊಟ್ಟು ವಿಶೇಷವೇನೂ ಮಾಡುತ್ತಿರಲಿಲ್ಲ. ತರಕಾರಿ ಹೆಚ್ಚುತ್ತಿದ್ದ, ರೇಡಿಯೊ ಕೇಳುತ್ತಿದ್ದ, ಕಿಟಕಿಯ ಪರದೆ ಸರಿಯದಂತೆ ನೋಡಿಕೊಳ್ಳುತ್ತಿದ್ದ. ಯಾಕೆ ಎಂದು ಅಕ್ಕ ಒಮ್ಮೆ ಕೇಳಿದ್ದಳು. "ಇದನ್ನ ಹಾಕ್ಕೊಂಡಾಗ ಮೈ ನಂದೇ ಅನ್ಸುತ್ತೆ," ಅಂದಿದ್ದ. ಅಕ್ಕ ಮತ್ತೆ ಕೇಳಲಿಲ್ಲ. ಪರದೆಗೆ ಚುಚ್ಚಲು ಪಿನ್ನು ತಂದುಕೊಟ್ಟಳು.

ಒಂದು ಸಲ, ರಜೆಯ ಮರುದಿನ, ಗಿರಾಕಿಗಳು ಬರುವ ಮೊದಲೇ ಗೌನಿಗೆ ಇಸ್ತ್ರಿ ಮಾಡಿ ಒಳಗಿಟ್ಟುಬಿಡೋಣ ಎಂದು ಮೇಜಿಗೆ ತಂದ. ಅಷ್ಟರಲ್ಲಿ ಹಾಲಿನವನು ಬಾಗಿಲಲ್ಲಿ ನಿಂತು ಮಾತಿಗೆಳೆದ. ಎದುರಿಗೆ ಗುರುತಿಲ್ಲದ ಬಟ್ಟೆ, ಸೂಜಿಯಲ್ಲಿ ಆಗಲೇ ಪೋಣಿಸಿದ್ದ ಕೆಂಪು ದಾರ. ಬಾಯಿ ಹಾಲಿನವನ ಜೊತೆ ಇತ್ತು, ಕೈ ತನ್ನ ಪಾಡಿಗೆ ಗುರುತು ಹಾಕಿ, ಇಸ್ತ್ರಿ ಮಾಡಿ, ಕೆಂಪು ದಾರದ ಗಂಟಿಗೆ ಸೇರಿಸಿತು. ಕೆಂಪು ಎಂದರೆ ನರ್ಸಮ್ಮನ ಮನೆ. ಸಂಜೆ ನರ್ಸಮ್ಮ ಬಂದು, ಕೆಂಪು ದಾರದ ಬಟ್ಟೆಗಳ ಗಂಟನ್ನು ಎತ್ತಿಕೊಂಡು ಹೋದಳು.

ಮರುದಿನ ಗೌನನ್ನು ತೋಳಿನ ಮೇಲೆ ಹಾಕಿಕೊಂಡು ವಾಪಸು ಬಂದಳು. ಪಕ್ಕದಂಗಡಿಯ ದರ್ಜಿ ಹರಟೆಗೆಂದು ಬಂದು ಕೂತಿದ್ದ. ಎದುರಿನ ದಿನಸಿ ಅಂಗಡಿಯವನು ತನ್ನ ಅಂಗಿಗಳಿಗಾಗಿ ಕಾಯುತ್ತಿದ್ದ.

"ಗೆರೆಮಾವ, ಇದು ನಮ್ಮನೇದಲ್ಲ. ನಂಗೂ ಆಗಲ್ಲ, ನನ್ನ ಮಗಳಿಗೂ ಆಗಲ್ಲ. ಇದನ್ನ ತೊಡೋಳು ಮೂಟೆ ಹೊರೋಳೇ ಇರ್ಬೇಕು."

"ಅದು ನಂದು, ಕೊಡಿ ಇಲ್ಲಿ," ಎನ್ನುತ್ತ ಅಕ್ಕ ಒಳಗಿನಿಂದ ಬಂದಳು.

ಎಲ್ಲರೂ ಅಕ್ಕನನ್ನು ನೋಡಿದರು. ಅಕ್ಕ ಕಡ್ಡಿಯಂಥ ಹೆಂಗಸು.

"ನಿಮ್ಮಂಥೋರು ಇಬ್ರು ಹಿಡೀತಾರಲ್ಲ ಅಕ್ಕ ಇದ್ರಲ್ಲಿ," ಎಂದು ದಿನಸಿಯವನು ನಕ್ಕ.

ಬೇರೆ ಬೀದಿಯ ಗಿರಾಕಿಯದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ಗೆರೆಮಾವನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸುಳ್ಳು ಹೇಳಿ ಗೊತ್ತಿಲ್ಲದ ಅಕ್ಕ ತನಗಾಗಿ ನಗೆಪಾಟಲಾಗಿ ನಿಂತದ್ದನ್ನು ಕಂಡು ಅವನ ಕಿವಿ ಬಿಸಿಯಾಯಿತು. ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ.

"ನಂದು," ಎಂದ. "ಹೊಲ್ದಿದ್ದೂ ನಾನೇ, ತೊಡೋದೂ ನಾನೇ."

ದಿನಸಿಯವನು ತಮಾಷೆಯೆಂದು ಮೊದಲು ನಕ್ಕ. ಬೇರೆ ಯಾರೂ ನಗದಿದ್ದಾಗ ಮುಖ ಗಂಟಿಕ್ಕಿದ. "ಹಾಗಾದ್ರೆ ನಮ್ಮನೆ ಹೆಂಗಸರ ಬಟ್ಟೆ ಕಥೆ ಏನು?"

ಗೆರೆಮಾವ ಇಷ್ಟು ವರ್ಷ ಹೆದರಿದ್ದು ಈ ಪ್ರಶ್ನೆಗೇ. ಜನ ನಗುವುದು ಅವನಿಗೆ ದೊಡ್ಡದಾಗಿರಲಿಲ್ಲ. ಕೈ ಶುದ್ಧವಿಲ್ಲ ಎಂದುಬಿಟ್ಟರೆ ಇಸ್ತ್ರಿಯವನಿಗೆ ಉಳಿಯುವುದೇನು?

"ಬೇರೆಯವರ ಒಂದು ಕರ್ಚೀಫನ್ನೂ ನಾನು ಮೈಗೆ ತಾಗಿಸ್ಕೊಂಡಿಲ್ಲ. ಬೇಕಾದ್ರೆ ಆಣೆ ಮಾಡ್ತೀನಿ."

"ಹಾಗೇ ಇನ್ಮೇಲೆ ಇದನ್ನ ಹಾಕಲ್ಲ ಅಂತಲೂ ಮಾಡಿಬಿಡು," ದಿನಸಿಯವನ ದನಿ ಈಗ ನಯವಾಗಿತ್ತು. "ಇಲ್ಲಿಗೇ ಬಿಟ್ಟುಬಿಡೋಣ. ನಾವ್ಯಾರೂ ತುಟಿ ಬಿಚ್ಚಲ್ಲ."

"ಅದಾಗಲ್ಲ."

"ಯೋಚ್ನೆ ಮಾಡು. ಬೀದಿಯವರೆಲ್ಲ ನನ್ನಂಗಡಿಗೆ ಬರ್ತಾರೆ."

"ಬರ್ಲಿ, ಹೇಳು. ನಾನು ಬಚ್ಚಿಟ್ರೆ ತಾನೇ ನಿನ್ನ ಬಾಯಿಗೆ ಬೆಲೆ? ನಿನ್ನ ಪ್ಯಾಂಟಿಗೆ ಗೆರೆ ಹಾಕಿದ್ದೂ ಇದೇ ಕೈ, ಈ ಗೌನಿಗೆ ಗುಂಡಿ ಹಚ್ಚಿದ್ದೂ ಇದೇ ಕೈ. ಒಂದು ಬೇಕು, ಇನ್ನೊಂದು ಬೇಡ ಅಂದ್ರೆ ಎಲ್ಲಿಂದ ತರ್ಲಿ?"

ದಿನಸಿಯವನು ಇಸ್ತ್ರಿಯಾಗದ ಅಂಗಿಗಳನ್ನೂ ಬಾಚಿ ಕಂಕುಳಿಗೆ ಸೇರಿಸಿಕೊಂಡು ಹೊರಟ. ನರ್ಸಮ್ಮ ಗೌನನ್ನು ಮೇಜಿನ ಮೇಲಿಟ್ಟು ಹೋದಳು. ಉಳಿದವನು ದರ್ಜಿ. ಗೌನನ್ನು ಒಳಮೈ ಹೊರಗೆ ಮಾಡಿ ಕಂಕುಳ ಹೊಲಿಗೆಯನ್ನು ಬೆಳಕಿಗೆ ಹಿಡಿದ.

"ತೋಳು ಹೀಗೆ ಕೂರ್ಸಿದೀಯಲ್ಲೋ. ಕೈ ಎತ್ತಿದ್ರೆ ಹಿಡಿಯಲ್ವಾ?"

"ಹಿಡಿಯುತ್ತೆ."

"ಪಕ್ಕದಲ್ಲೇ ಮಿಶನ್ ಇಟ್ಕೊಂಡು ಕೂತಿದೀನಿ. ಹೇಳೋಕೆ ನಿಂಗೇನಾಗಿತ್ತು ರೋಗ?"

"ನಿನ್ನ ಬಾಯಿ ನಂಗೆ ಗೊತ್ತಿಲ್ವಾ."

ದರ್ಜಿ ಗೌನನ್ನು ಮಡಚಿ ಮೇಜಿನ ಮೇಲಿಟ್ಟ. "ಅದೂ ಸರಿ. ಆಡ್ಕೊಂಡಿರ್ತಿದ್ದೆ," ಎಂದು ಎದ್ದು ಹೋದ. ತೋಳು ಸರಿಮಾಡಿ ಕೊಡುತ್ತೇನೆ ಎಂದೇನೂ ಹೇಳಲಿಲ್ಲ.

ಊರ ಬಾಯಿಗೆ ಮುಚ್ಚಳವಿಲ್ಲ. ಆ ವಾರದೊಳಗೆ ಅಂಗಡಿಗೆ ಬರುವ ಗಂಟುಗಳು ಅರ್ಧಕ್ಕಿಳಿದವು. "ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ," ಎಂದು ಅಕ್ಕ ಗೊಣಗಿದಳು. "ನಂದು ಅಂದಿದ್ದೆನಲ್ಲ, ಬಿಟ್ಟುಬಿಡೋಕೆ ಆಗ್ತಿರ್ಲಿಲ್ವಾ?"

"ನೀನದ್ರೊಳಗೆ ಕಳೆದುಹೋಗಿರ್ತಿದ್ದೆ."

ಅಕ್ಕ ಬೇಡವೆಂದರೂ ನಕ್ಕಳು.

ರಜೆಯ ದಿನ ಬಂತು. ಗೆರೆಮಾವ ಸೂಜಿಯ ಮೊನೆಯಿಂದ ಗೌನಿನ ಕೆಂಪು ದಾರ ಬಿಚ್ಚಿ, ಯಾವ ಮನೆಗೂ ಕೊಡದ ಕಿತ್ತಳೆ ಬಣ್ಣದಲ್ಲಿ ತನ್ನ ಗುರುತು ಹಾಕಿದ. ಗೌನು ತೊಟ್ಟ. ಶಟರನ್ನು ಪೂರ್ತಿ ಮೇಲಕ್ಕೆತ್ತಿ, ಬಾಗಿಲಿಗೆ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ತಟ್ಟೆ ಇಟ್ಟು ತರಕಾರಿ ಹೆಚ್ಚತೊಡಗಿದ. ಚಾಕು ಎರಡು ಸಲ ಜಾರಿತು. ಒಳಗೆ ಅಕ್ಕ ಪರದೆಯ ಪಿನ್ನುಗಳನ್ನು ಕೀಳುತ್ತಿದ್ದಳು.

ನರ್ಸಮ್ಮ ಗಂಟು ಹಿಡಿದು ಬಂದು ಎದುರಿಗೆ ನಿಂತಳು. ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇದನ್ನ ಇಟ್ಟು ಹೋಗ್ತೀನಿ," ಎಂದಳು.

"ಇವತ್ತು ರಜೆ, ನರ್ಸಮ್ಮ."

"ಬರೋರೇ ಇಲ್ಲ ಅಂತಿದ್ರು, ಇವನು ನೋಡಿದ್ರೆ ರಜೆ ಅಂತಾನೆ."

"ರಜೆ ಅಂದ್ರೆ ರಜೆ. ನಾಳೆ ತನ್ನಿ."

"ಕೊಬ್ಬು ನೋಡು," ಎಂದು ನರ್ಸಮ್ಮ ಗಂಟನ್ನು ಮತ್ತೆ ಸೊಂಟಕ್ಕೇರಿಸಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ನಾಳೆ ಬೇಗ ತೆಗಿ. ಡ್ಯೂಟಿ ಇದೆ ನಂಗೆ."

ಎದುರಿನ ಅಂಗಡಿಯಲ್ಲಿ ದಿನಸಿಯವನು ತಕ್ಕಡಿ ಹಿಡಿದವನು ಹಾಗೆಯೇ ನೋಡುತ್ತಿದ್ದ. ಗೆರೆಮಾವ ಅವನತ್ತ ಕೈ ಎತ್ತಿದ. ಅರ್ಧಕ್ಕೇ ತೋಳು ಹಿಡಿಯಿತು. ಅವನು ನಿಲ್ಲಿಸದೆ ಪೂರ್ತಿ ಎತ್ತಿದ. ಕಂಕುಳಲ್ಲಿ ಹೊಲಿಗೆ ಪರ್ರೆಂದು ಬಿಟ್ಟಿತು.

"ನಾನು ಹೇಳ್ಲಿಲ್ವಾ," ಎಂದು ಪಕ್ಕದಂಗಡಿಯ ಒಳಗಿನಿಂದ ದರ್ಜಿಯ ದನಿ ಬಂತು.