ಇಲ್ಲದ ಚಹಾಕ್ಕೆ ಹದಿನೆಂಟು ಮನೆಗಳ ಮೆಚ್ಚುಗೆ

ಕೌಲ್ ಬಜಾರಿನ ಶಶಿರೇಖಾ ಹನ್ನೊಂದು ವರ್ಷದಿಂದ ಮಾಡುತ್ತಿರುವುದು ಒಂದೇ ಕೆಲಸ: ಮಂದಿಯ ಬಾಗಿಲು ತಟ್ಟಿ ಅವರ ಅಭಿಪ್ರಾಯ ಕೇಳುವುದು. ಯಾವ ಸೋಪು, ಯಾವ ಧಾರಾವಾಹಿ, ಯಾವ ಪಕ್ಷ. ಇಂಥದ್ದಕ್ಕೂ ಯಾರಾದರೂ ಸಂಬಳ ಕೊಡುತ್ತಾರೆಂದು ಆಕೆಯ ಅತ್ತೆ ಇನ್ನೂ ನಂಬಿಲ್ಲ.

ಆಕೆ ಕಲಿತದ್ದು ಯಾವ ವರದಿಯಲ್ಲೂ ಬಂದಿಲ್ಲ. ಬ್ರೂಸ್‌ಪೇಟೆಯ ಅಂಗಡಿಯವರು ಪಕ್ಕದ ಅಂಗಡಿಯವ ಏನಂದ ಎಂದು ಕೇಳಿಕೊಂಡೇ ಬಾಯಿ ಬಿಡುತ್ತಾರೆ. ಮನೆಗೆ ಏನು ತರಬೇಕೆಂದು ತೀರ್ಮಾನಿಸುವವರು ಯಾರು ಎಂದರೆ ಕುರುಗೋಡಿನ ಗಂಡಸರು "ನಾನು" ಎನ್ನುತ್ತಾರೆ. ಹಾಗಾದರೆ ಮನೆಯಲ್ಲಿ ಯಾವ ಎಣ್ಣೆ ಇದೆ ಎಂದರೆ ಒಳಗೆ ತಿರುಗಿ ಹೆಂಡತಿಯನ್ನು ಕೂಗುತ್ತಾರೆ. ಓಟು ಮಾತ್ರ ಎಲ್ಲರದೂ ಗೆಲ್ಲುವವರಿಗೇ. ಇದನ್ನೆಲ್ಲ ಆಕೆ ನಗದೆ ಬರೆದುಕೊಂಡಿದ್ದಾಳೆ.

ಹೋದ ಬೇಸಿಗೆಯಲ್ಲಿ ಸಿರುಗುಪ್ಪದ ಹತ್ತಿರ ದೇಶನೂರಿನಲ್ಲಿ ಚಹಾಪುಡಿಯ ಸಮೀಕ್ಷೆ ಇತ್ತು. ಟ್ಯಾಬ್‌ನಲ್ಲಿ ಆರು ಹೆಸರು. ಐದು ಅಂಗಡಿಯಲ್ಲಿ ಸಿಗುವಂಥವು. ಆರನೆಯದು 'ಚಂದ್ರಹಾರ' ಚಹಾ, ಭೂಮಿಯ ಮೇಲೆ ಎಲ್ಲೂ ಇಲ್ಲದ್ದು. ಮನೆಗಳಿಗೆ ಹೋಗದೆ ಮರದ ನೆರಳಲ್ಲಿ ಕೂತು ತಾವೇ ಉತ್ತರ ತುಂಬುವ ಕಳ್ಳರನ್ನು ಹಿಡಿಯಲು ಕಂಪನಿಯವರು ಹುಟ್ಟಿಸಿದ ಹೆಸರು. ಶಶಿರೇಖಾಗೆ ಅದು ಗೊತ್ತಿರಲಿಲ್ಲ. ಇಪ್ಪತ್ತು ಮನೆಗಳಲ್ಲಿ ಹದಿನೆಂಟು ಮನೆಯವರು ಚಂದ್ರಹಾರ ಕುಡಿದೀವಿ, ಛಲೋ ಐತಿ ಎಂದರು. ಆಕೆ ಹಾಗೇ ಒತ್ತಿದಳು.

ಮೂರನೆಯ ದಿನ ಮೇಲ್ವಿಚಾರಕ ಸಂಗಮೇಶ್ ಫೋನು ಮಾಡಿದ. "ಆ ಚಹಾನೇ ಇಲ್ಲವ್ವಾ. ಕುಂತಲ್ಲೇ ತುಂಬೀಯಲ್ಲ? ನಾಳಿ ನಾನೇ ಬಂದು ಕೇಳ್ತೀನಿ. ಸುಳ್ಳಾದ್ರ ನಿನ್ನ ಕೆಲಸ ಹೋತು ಅಂತ ತಿಳ್ಕೊ."

ಶಶಿರೇಖಾ ಅತ್ತಳು. ಕೆಲಸ ಹೋಗುವುದಕ್ಕಿಂತ ಹೆಚ್ಚಾಗಿ, ಆ ಬಿಸಿಲಲ್ಲಿ ಇಪ್ಪತ್ತು ಮನೆ ತಿರುಗಿದ್ದನ್ನೇ ಸುಳ್ಳು ಎಂದನಲ್ಲ ಎಂದು. ಫ್ಯಾನಿನ ಕೆಳಗೆ ಕೂತು ಅನುಮಾನ ಪಡುವುದು ಸುಲಭ.

ಮರುದಿನ ಇಬ್ಬರೂ ಬಸ್ಸಿನಲ್ಲಿ ದೇಶನೂರಿಗೆ ಹೋದರು. ಮೊದಲ ಮನೆ ಗಂಗಕ್ಕನದು. ಗದ್ದೆಯಲ್ಲಿ ಕಳೆ ತೆಗೆದೇ ಕೂದಲು ಬೆಳ್ಳಗಾದ ಹೆಂಗಸು.

"ಅವ್ವಾ, ಚಂದ್ರಹಾರ ಚಹಾ ಕುಡಿದೀರೇನು?" ಎಂದ ಸಂಗಮೇಶ್.

"ಕುಡಿದೀವಲ್ರಿ."

"ಖರೇ ಹೇಳ್ರಿ. ಅದು ಎಲ್ಲೂ ಸಿಗಂಗಿಲ್ಲ."

ಗಂಗಕ್ಕ ಶಶಿರೇಖಾಳತ್ತ ಕೈ ತೋರಿಸಿದಳು. "ಈ ಹುಡುಗಿ ಆ ಉರಿಬಿಸಿಲಾಗ ಬಂದು ಕೇಳಿದ್ಲು. ಇಲ್ಲ ಅಂತ ಬರಿಗೈಲಿ ಕಳಸಾಕ ಆಕ್ಕೈತೇನ್ರಿ?"

"ಅದಕ್ಕ ಯಾರಾದ್ರೂ ಸುಳ್ಳು ಹೇಳ್ತಾರೇನು? ಈಕಿನೇ ಹೇಳಿಕೊಟ್ಟಿರಬೇಕು," ಎಂದ ಸಂಗಮೇಶ್.

ಗಂಗಕ್ಕ ಎದ್ದಳು. ಒಳಗೆ ಹೋಗಿ ಚಹಾ ಮಾಡಿ ತಂದಳು. ದೊಡ್ಡ ಸಾಹೇಬರು ಬಂದಿದ್ದಾರೆಂದು ಕೈ ಬಿಚ್ಚಿ ಸಕ್ಕರೆ ಸುರಿದಿದ್ದಳು. ಚಮಚ ನೆಟ್ಟರೆ ನಿಲ್ಲುವಷ್ಟು.

"ಹೆಂಗೈತ್ರಿ?"

"ಛಲೋ ಐತ್ರಿ," ಎಂದ ಸಂಗಮೇಶ್.

ಗಂಗಕ್ಕ ಖುಷಿಯಿಂದ ಇನ್ನೊಂದು ಲೋಟ ತುಂಬಿದಳು. ಅವನು ಅದನ್ನೂ ಕುಡಿದ. ಮುಂದಿನ ಮನೆಗಳಲ್ಲೂ ಅದೇ ಮಾತು, ಅದೇ ಚಹಾ. ಐದನೆಯ ಮನೆಗೆ ಅವನು ಸಾಕು ಎಂದು ಎದ್ದ.

ವಾಪಸು ಬರುವ ಬಸ್ಸು ಸಿರುಗುಪ್ಪ ದಾಟಿತು. ಕೆಲಸ ಉಳಿಯಿತೋ ಹೋಯಿತೋ ಎಂದು ಕೇಳಲು ಶಶಿರೇಖಾಗೆ ಧೈರ್ಯವಾಗಲಿಲ್ಲ. ಸಂಗಮೇಶ್ ಜೇಬಿನಿಂದ ಮಾತ್ರೆ ತೆಗೆದು ನುಂಗಿ, ಅರ್ಧ ಬಾಟಲಿ ನೀರು ಕುಡಿದ.

"ಆರು ವರ್ಷ ಆತು, ಸಕ್ಕರಿ ಕಾಯಿಲಿ," ಎಂದ.

"ಮತ್ತ ಗಂಗಕ್ಕಗ ಹೇಳಬೇಕಿಲ್ಲೇನ್ರಿ ಸರ?"

"ಹೆಂಗ ಹೇಳೂದವ್ವಾ. ಅಷ್ಟು ಪ್ರೀತಿಲೆ ಕೊಟ್ಲು."

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಆಮೇಲೆ ಟ್ಯಾಬ್ ತೆರೆದು, ದೇಶನೂರಿನ ಉತ್ತರಗಳನ್ನು ಮನೆಯವರೇ ಕೊಟ್ಟಿದ್ದಾರೆಯೇ ಎಂಬ ಪ್ರಶ್ನೆಯ ಮುಂದೆ 'ಹೌದು' ಎಂದು ಒತ್ತಿದ.

"ನಾಳಿ ಕುರುಗೋಡಿಗೆ ಹೋಗಾಕ ಎಂಟಕ್ಕ ಬಾ," ಎಂದ.